ಕಿಟಕಿ ಕಡೆಯ ಪೆಟ್ಟಿಗೆ

ಇಲ್ಲಿ ಬರೆಯುತ್ತಿರುವ ಕೆಲವು ವಿವರಗಳು ತಪ್ಪಿರಬಹುದು. ಸ್ಪೀಕರ್ ಪೆಟ್ಟಿಗೆಗಳ ಮುಂದಿನ ಬಟ್ಟೆ ಕಂದು ಬಣ್ಣದ್ದೆಂದು ನನ್ನ ನೆನಪು. ಕಪ್ಪು ಎಂದು ತಮ್ಮ ಹೇಳುತ್ತಾನೆ. ಬ್ಯಾಡಗಿಯ ಸೋದರಮಾವನ ಮನೆಗೆ ಹೋಗಿ ನೋಡಿದರೆ ಈಗ ಅದು ಎರಡೂ ಅಲ್ಲ. ಇಷ್ಟು ವರ್ಷಗಳ ಮೆಣಸಿನಕಾಯಿ ಧೂಳು ಕುಡಿದು ಇಟ್ಟಿಗೆಯ ಬಣ್ಣಕ್ಕೆ ತಿರುಗಿದೆ. ಆ ಪೆಟ್ಟಿಗೆಗಳನ್ನು ಕೊಳ್ಳಲು ಮಾವ ಹುಬ್ಬಳ್ಳಿಗೆ ಹೋದ ದಿನ ನಾನೂ ಜೊತೆಗಿದ್ದೆ ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಅಂಗಡಿಯ ಮೆತ್ತನೆಯ ಸೋಫಾ, ಮಾಲೀಕ ತರಿಸಿಕೊಟ್ಟ ಶರಬತ್ತು ಎಲ್ಲವೂ ಕಣ್ಣ ಮುಂದಿವೆ. ಆದರೆ ಮಾವನ ಹೆಂಡತಿ, ನಮ್ಮ ಅತ್ತೆ, ಒಮ್ಮೆ ಖಡಾಖಂಡಿತವಾಗಿ ಹೇಳಿಬಿಟ್ಟರು: "ನೀ ಎಲ್ಲಿ ಬಂದಿದ್ದಿ? ಧಾರವಾಡದಾಗ ಪರೀಕ್ಷಾ ಬರಿಯಾಕತ್ತಿದ್ದಿ. ಸೋಫಾದ ಮ್ಯಾಲ ಕುಂತಾಕಿ ನಾನು." ಅಂದಿನಿಂದ ಆ ಸೋಫಾ ನನ್ನ ನೆನಪಿನದೋ ಅವರ ಬಾಯಿಂದ ಕೇಳಿದ್ದೋ ತಿಳಿಯದಾಗಿದೆ.

ನಾನು ಇತಿಹಾಸ ಓದಿದವಳು. ಕಣ್ಣಾರೆ ಕಂಡೆ ಅನ್ನುವವರ ಮಾತನ್ನೂ ಇನ್ನೊಂದು ಮೂಲದ ಜೊತೆ ಹೋಲಿಸಿ ನೋಡಬೇಕು ಎಂದು ಕಲಿತವಳು. ಬಟ್ಟೆಯ ಬಣ್ಣವನ್ನಾದರೆ ಯಾವುದಾದರೂ ಹಳೆಯ ಫೋಟೋದಲ್ಲಿ ಹುಡುಕಬಹುದು. ಆ ಪೆಟ್ಟಿಗೆಗಳ ದನಿ ಹೇಗಿತ್ತು ಎಂಬುದಕ್ಕೆ ಅಂಥ ಮೂಲ ಇಲ್ಲ. ನನ್ನ ಹಳೆಯ ದಿನಚರಿಯಲ್ಲಿ ಬರೆದದ್ದು "ಸಂಜೆ ಮಾವನ ಮನೆಯಲ್ಲಿ ಹಾಡು ಕೇಳಿದೆ, ಚೆನ್ನಾಗಿತ್ತು" ಎಂದಷ್ಟೇ. ಹೋದ ವರ್ಷ ನಾವೆಲ್ಲ ಸೇರಿ ಜಗಳಾಡಿದ್ದು, ನಕ್ಕಿದ್ದು, ಕೊನೆಗೆ ಸ್ವಲ್ಪ ಹೆದರಿದ್ದು ಈ "ಚೆನ್ನಾಗಿತ್ತು" ಎಂಬ ಮಾತಿನ ಸುತ್ತಲೇ.

ಮಾವ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿ ನಡೆಸಿದವರು. ಈಗ ಅಂಗಡಿ ಮಗನ ಕೈಯಲ್ಲಿದೆ. ಮಾವ ಬೆಳಿಗ್ಗೆ ಹೋಗಿ ಕೂತು ಊಟದ ಹೊತ್ತಿಗೆ ಮನೆಗೆ ಬರುತ್ತಾರೆ. ಕಾಯಿ ಒಣಗಿದೆಯೋ ಇಲ್ಲವೋ ಎಂದು ಉಳಿದವರು ಮುರಿದು ನೋಡುತ್ತಾರೆ, ಹಿಸುಕಿ ನೋಡುತ್ತಾರೆ. ಮಾವನ ರೀತಿ ಬೇರೆ. ಒಂದು ಹಿಡಿ ಕಾಯಿ ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಸರಿಯಾಗಿ ಒಣಗಿದ್ದರೆ ಒಳಗಿನ ಬೀಜ ಗಿಲಕಿಯ ಹಾಗೆ ಸದ್ದು ಮಾಡುತ್ತದೆ, ಹಸಿ ಉಳಿದಿದ್ದರೆ ಸುಮ್ಮನಿರುತ್ತದೆ. ಇದನ್ನು ನೋಡಿ ನಗುವವರು ಮಾರುಕಟ್ಟೆಯಲ್ಲಿ ಇದ್ದರಂತೆ. ನಕ್ಕವರೂ ಮಾವ "ಹಸಿ ಐತಿ" ಅಂದ ಚೀಲವನ್ನು ಇನ್ನೊಂದು ಸಲ ಬಿಸಿಲಿಗೆ ಹರವುತ್ತಿದ್ದರು. ಕಿವಿ ಅವರ ಹೆಮ್ಮೆ.

ಪೆಟ್ಟಿಗೆಗಳನ್ನು ಆರಿಸಿದ್ದೂ ಆ ಕಿವಿಯೇ. ಹುಬ್ಬಳ್ಳಿಯ ಅಂಗಡಿಗೆ ತಮ್ಮದೇ ಕ್ಯಾಸೆಟ್ ಒಯ್ದು, ಇದ್ದಬದ್ದ ಸ್ಪೀಕರ್‌ಗಳಲ್ಲೆಲ್ಲ ಅದನ್ನೇ ಹಾಕಿಸಿ ಕೇಳಿದರಂತೆ. ನೋಡಲು ದೊಡ್ಡವಾಗಿದ್ದವನ್ನೆಲ್ಲ ಬಿಟ್ಟು ಈ ಸಾಧಾರಣ ಗಾತ್ರದ ಜೋಡಿಯನ್ನು ತೋರಿಸಿ, "ಇವು ಹಾಡ್ತಾವು, ಉಳದವು ಒದರ್ತಾವು" ಅಂದರಂತೆ. ಪಡಸಾಲೆಯಲ್ಲಿ ಮಾವನ ಕುರ್ಚಿಯ ಎದುರಿಗೆ ಒಂದು ಬಾಗಿಲ ಕಡೆ, ಒಂದು ಕಿಟಕಿ ಕಡೆ ಅವು ಕೂತವು. ಊಟವಾಗಿ ಸ್ವಲ್ಪ ಹೊತ್ತು ಅಡ್ಡಾಗಿ ಎದ್ದ ಮೇಲೆ ಖಯಾಲ್ ಕೇಳುವುದು ಮಾವನ ದಿನದ ಪದ್ಧತಿ. ಅವರು ಮೊದಲು ಕಿವಿಗೊಡುವುದು ಗಾಯಕನಿಗಲ್ಲ, ಹಿಂದಿನ ತಂಬೂರಿಗೆ. ತಂಬೂರಿ ಸರಿ ಕೇಳಿಸಿದರೆ ಉಳಿದದ್ದೆಲ್ಲ ಸರಿ ಎನ್ನುವುದು ಅವರ ಸಿದ್ಧಾಂತ.

ಹೋದ ವರ್ಷ ಕಾಯಿಯ ಸೀಸನ್ನು ಮುಗಿಯುವ ಹೊತ್ತಿಗೆ ಹಾವೇರಿಯಲ್ಲಿರುವ ನನಗೆ ಮಾವನ ಫೋನು ಬಂತು.

"ಕಿಟಕಿ ಕಡೀ ಪೆಟ್ಟಿಗಿ ಮಂಕ ಆಗೈತವಾ. ತಂಬೂರಿ ಒಂದ ಕಡೆ ಕುಂತು ಬಾರಿಸಿದಂಗ ಆಗಾಕತ್ತೈತಿ."

ನಾನು ತಮ್ಮನಿಗೆ ಹೇಳಿದೆ. ರಾಣೆಬೆನ್ನೂರಿನಲ್ಲಿ ಅವನದು ಬೀಜದ ಅಂಗಡಿ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಸ್ಪೀಕರ್ ಬಿಚ್ಚುವವರ ವಿಡಿಯೋ ನೋಡುವುದು ಅವನ ಚಟ. ಇಂಥದೊಂದು ಅವಕಾಶಕ್ಕೆ ಕಾದಿದ್ದನೋ ಏನೋ.

"ಅಕ್ಕಾ, ಕಂಪನಿಯವ್ರು ಒಳಗ ಅಗ್ಗದ ಸಾಮಾನು ಹಾಕಿರ್ತಾರ. ಅದನ್ನ ತಗದು ಛಲೋದು ಹಾಕಿದ್ರ ಪೆಟ್ಟಿಗಿ ಬ್ಯಾರೇನ ಆಗ್ತೈತಿ."

"ಬ್ಯಾರೇ ಆಗೋದು ಬ್ಯಾಡ ಅಂತನ ನಾ ಹೇಳಾಕತ್ತೀನಿ."

"ನಿನಗ ಕಿವಿ ಕಡಿಮಿ, ವಾದ ಹೆಚ್ಚು."

ನನ್ನ ವಾದ ಇಷ್ಟೇ ಆಗಿತ್ತು. ಆ ಪೆಟ್ಟಿಗೆಯೊಳಗೆ ಎರಡು ಬಾಯಿಗಳಿವೆ: ದೊಡ್ಡದು ತಗ್ಗಿನ ದನಿಗೆ, ಸಣ್ಣದು ಏರುದನಿಗೆ. ಯಾವುದಕ್ಕೆ ಎಷ್ಟು ಎಂದು ಹಂಚಿಕೊಡಲು ಹಿಂದೆ ಒಂದು ಸಣ್ಣ ಹಲಗೆ, ಅದರ ಮೇಲೆ ಕೆಪಾಸಿಟರ್ ಮುಂತಾದ ಬಿಡಿಭಾಗಗಳು. ಯಾರೋ ಒಬ್ಬರು ಕೂತು, ಇದು ಹೀಗಿದ್ದರೆ ಅದು ಹಾಗಿರಲಿ ಎಂದು ಒಂದಕ್ಕೊಂದು ಹೊಂದಿಸಿ ಮಾಡಿದ್ದು ಅದು. ಅತ್ತೆಯ ಮಸಾಲೆ ಖಾರದಲ್ಲಿ ಕೊತ್ತಂಬರಿ ಬೀಜಕ್ಕಿಂತ ಲವಂಗ ದುಬಾರಿ. ಹಾಗೆಂದು ಕೊತ್ತಂಬರಿ ತೆಗೆದು ಅಷ್ಟೇ ಲವಂಗ ಹಾಕಿದರೆ ಖಾರ ಮೇಲ್ದರ್ಜೆಯದು ಆಗುತ್ತದೆಯೇ? ಇದಕ್ಕೆ ತಮ್ಮ ಭಾನುವಾರ ಬ್ಯಾಡಗಿಗೆ ಬಾ ಅಂದ.

ಅವನ ಮೊದಲ ಪ್ರಯೋಗ ಅರಳೆಯದು. ಒಳಗೆ ಪ್ರತಿಧ್ವನಿ ಹೀರಲು ಉಣ್ಣೆಯಂಥದನ್ನು ಇಟ್ಟಿರುತ್ತಾರೆ, ಅದು ಹೆಚ್ಚಿದ್ದಷ್ಟೂ ದನಿ ಶುದ್ಧ ಎಂದು ಎಲ್ಲೋ ಕೇಳಿದ್ದ. ಬಿಚ್ಚಿ ನೋಡಿದರೆ ಒಂದು ತೆಳು ಪದರ ಮಾತ್ರ. "ನೋಡಿದಿ? ಉಳಸ್ಯಾರ!" ಅಂದ. ರಾಣೆಬೆನ್ನೂರಿನ ಗಾದಿ ಅಂಗಡಿಯಿಂದ, ಮದುವೆಯ ಗಾದಿಗೆಂದು ಹಿಂಜಿಸಿ ಇಟ್ಟಿದ್ದ ಬೆಳ್ಳನೆಯ ಅರಳೆ ತಂದಿದ್ದ. ನಮ್ಮ ಕಡೆ ಮಗಳ ಜೊತೆ ಕಳಿಸುವ ಗಾದಿಯನ್ನು ಬೀಗರು ಮುಷ್ಟಿಯಿಂದ ಗುದ್ದಿ ನೋಡುತ್ತಾರೆ. ಮುಷ್ಟಿ ಒಳಗೆ ಇಳಿದರೆ ತವರಿಗೆ ಅವಮಾನ. ತಮ್ಮ ಪೆಟ್ಟಿಗೆಯನ್ನೂ ಅದೇ ಲೆಕ್ಕದಲ್ಲಿ ತುಂಬಿದ. ಮೂಲೆ ಮೂಲೆಗೆ ಬೆರಳಿನಿಂದ ಒತ್ತಿ ತುಂಬಿ, ಕೊನೆಗೆ ಗುದ್ದಿಯೂ ನೋಡಿದ.

ಹಾಡು ಹಾಕಿದೆವು. ಗಾಯಕ ಮುಸುಕು ಹಾಕಿಕೊಂಡು ಹಾಡುತ್ತಿದ್ದ. ತಬಲಾದ ಎಡಗೈ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

"ಪೆಟ್ಟಿಗಿಗೆ ಚಳಿಜ್ವರ ಬಂದೈತಿ. ಕೌದಿ ಹೊಚ್ಕೊಂಡು ಮಲಗೈತಿ," ಅಂದರು ಮಾವ.

"ಪಾಪ, ಹಾಡಾವಗ ನಿದ್ದಿ ಬಂದೈತ್ರಿ," ಅಂದರು ಅತ್ತೆ. "ಏ ಅಳಿಯಾ, ಅರಳಿ ತಗದು ಇಲ್ಲಿ ಕೊಡು. ನನಗ ಎರಡು ತಲಿದಿಂಬರ ಆಗ್ತಾವು."

ಒಳಗಿದ್ದ ತೆಳು ಪದರವನ್ನೇ ವಾಪಸು ಇಟ್ಟ ಮೇಲೆ ತಬಲಾದ ಎಡಗೈ ಮರಳಿ ಬಂತು. ನಾನು ನಗುತ್ತಿದ್ದೆ. ತಮ್ಮ ನನ್ನ ಕಡೆ ನೋಡದೆ ಸ್ಕ್ರೂ ಬಿಗಿಯುತ್ತಿದ್ದ.

ತಮ್ಮ ತರಿಸಿದ ಹೊಸ ಕೆಪಾಸಿಟರ್‌ಗಳು ಪಾರ್ಸೆಲ್‌ನಲ್ಲಿ ಬರಲು ಒಂದಷ್ಟು ವಾರ ಹಿಡಿಯಿತು. ಮತ್ತೊಂದು ಭಾನುವಾರ ಬೆಳಿಗ್ಗೆ ಪಡಸಾಲೆಯಲ್ಲಿ ಹಳೆಯ ಪತ್ರಿಕೆ ಹಾಸಿ ಬೆಸುಗೆ ಹಾಕಲು ಕೂತ. ಅತ್ತ ಅಡುಗೆಮನೆಯಲ್ಲಿ ಅತ್ತೆ ಖಾರಕ್ಕೆ ಕಾಯಿ ಹುರಿಯುತ್ತಿದ್ದರು. ಬೆಸುಗೆಯ ಹೊಗೆ, ಕಾಯಿಯ ಘಾಟು ಸೇರಿ ನಾವೆಲ್ಲ ಸೀನುತ್ತಿದ್ದೆವು. ದೂರು ಇದ್ದದ್ದು ಕಿಟಕಿ ಕಡೆಯದರ ಮೇಲೆ, ಹಾಗಾಗಿ ಮೊದಲು ಅದೊಂದಕ್ಕೇ ಹೊಸ ಭಾಗ ಹಾಕಿದ. ಮಾವ ಕಣ್ಣು ಮುಚ್ಚಿ ಕೇಳಿದರು. ತಮ್ಮ ಅವರ ಮುಖವನ್ನೇ ನೋಡುತ್ತಿದ್ದ, ಫಲಿತಾಂಶಕ್ಕೆ ಕಾಯುವವರ ಹಾಗೆ.

"ಹಾಂ," ಅಂದರು ಮಾವ ಕಣ್ಣು ತೆರೆದು ಅವನ ಕಡೆ ನೋಡಿ. "ಸುಧಾರಿಸೈತಿ ಬಿಡು."

ನನಗೂ ದನಿ ತಿಳಿಯಾದಂತೆ ಅನ್ನಿಸಿತು. ಅನ್ನಿಸಿತೋ, ಇಲ್ಲವೇ ಮಾವ ಹೇಳಿದ ಮೇಲೆ ಅನ್ನಿಸಿತು ಎಂದುಕೊಂಡೆನೋ, ಇವತ್ತಿಗೂ ಪ್ರಮಾಣ ಮಾಡಿ ಹೇಳಲಾರೆ. ಬೆಸುಗೆ ಹಾಕಲು ಹಿಡಿದ ಹೊತ್ತಿನಲ್ಲಿ ಹಿಂದಿನ ದನಿಯ ಗುರುತು ನನ್ನ ತಲೆಯಿಂದ ಅಳಿಸಿಹೋಗಿತ್ತು. ಇಲ್ಲದ ನೆನಪಿನ ಜೊತೆ ಹೊಸದನ್ನು ಹೋಲಿಸುವುದು ಹೇಗೆ?

ಊಟವಾದ ಮೇಲೆ ತಮ್ಮ ಎರಡನೆಯದಕ್ಕೂ ಕೈ ಹಾಕಲು ಹೊರಟ. ನಾನು ತಡೆದೆ. ಮಾವ ಒಳಗೆ ಮಲಗಿದ್ದರು.

"ಒಂದು ಕೆಲಸ ಮಾಡೂಣು. ಎರಡೂ ಪೆಟ್ಟಿಗಿ ಅದಲಿಬದಲಿ ಇಡು. ಮಾಮಾಗ ಹೇಳಬ್ಯಾಡ."

"ಮಾಮಾಗ ಪರೀಕ್ಷಾ ಇಡ್ತಿ?"

"ಅವ್ರಿಗಲ್ಲ. ನಿನ್ನ ಕೆಪಾಸಿಟರಿಗೆ."

ಹೊಸ ಭಾಗ ಹಾಕಿದ್ದನ್ನು ಬಾಗಿಲ ಕಡೆಗೂ ಮುಟ್ಟದೆ ಬಿಟ್ಟಿದ್ದನ್ನು ಕಿಟಕಿ ಕಡೆಗೂ ಇಟ್ಟೆವು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದರು. ಮಾವ ಎದ್ದು ಬಂದು, ಮುಖ ಒರೆಸಿಕೊಂಡು, ಕುರ್ಚಿಯಲ್ಲಿ ಕೂತು ದನಿಯನ್ನು ಒಂದೇ ಪೆಟ್ಟಿಗೆಗೆ ಕಳಿಸುವ ಬ್ಯಾಲೆನ್ಸ್ ಗುಂಡಿಯನ್ನು ಅತ್ತಿತ್ತ ತಿರುಗಿಸಿ ಒಂದೊಂದನ್ನೇ ಕೇಳಿದರು.

"ಏ ಅಳಿಯಾ, ಕಿಟಕಿ ಕಡೀದು ಮತ್ತ ಮಂಕ ಐತಲ್ಲೋ."

ತಮ್ಮ ಎದ್ದು ನಿಂತ. "ನೋಡಿದ್ಯಾ ಅಕ್ಕಾ! ಹೊಸಾದು ಈಗ ಬಾಗಲಾ ಕಡೆ ಐತಿ. ಅದಕ್ಕ ಅದು ಛಲೋ ಕೇಳಸಾಕತ್ತೈತಿ!"

"ಹಂಗಾದ್ರ ಈಗ ಕಿಟಕಿ ಕಡೆ ಇರೂದು ಯಾವ್ದು? ಇಷ್ಟು ದಿನ ಬಾಗಲಾ ಕಡೆ ಇದ್ದದ್ದು. ಅದರ ಮ್ಯಾಲ ಮಾಮಾ ಯಾವತ್ತರ ದೂರು ಹೇಳಿದ್ರೇನು?"

ನಿನ್ನೆಯವರೆಗೆ ಸರಿಯಿದ್ದ ಪೆಟ್ಟಿಗೆ ಜಾಗ ಬದಲಿಸಿದ್ದಕ್ಕೇ ಮಂಕಾಗಿತ್ತು. ಮಾವನಿಗೆ ಈಗ ನಮ್ಮ ಕಿತಾಪತಿ ಅರ್ಥವಾಗಿ ನಗು ಬಂತು. "ಹಂಗಾದ್ರ ಕಿಟಕೀದ ತಪ್ಪು. ದನಿ ಹೊರಗ ಹೋಗಾಕತ್ತಿರಬೇಕು," ಅಂದರು. ಕಿಟಕಿ ಮುಚ್ಚಿದೆವು. ಮಂಕು ಹಾಗೇ ಇತ್ತು.

ಮುಂದಿನದು ನಾನು ಹೇಳಿದ್ದೋ ತಮ್ಮ ಹೇಳಿದ್ದೋ ನೆನಪಿಲ್ಲ. ನಾನೇ ಎಂದು ತಮ್ಮ ಅನ್ನುತ್ತಾನೆ. ಕುರ್ಚಿಯನ್ನು ತಿರುಗಿಸಿ, ಪೆಟ್ಟಿಗೆಗಳಿಗೆ ಬೆನ್ನು ಮಾಡಿ ಕೂತು ಕೇಳಿರಿ ಎಂದೆವು. ಎದುರಾಗಿ ಕೂತಾಗ ಕಿಟಕಿ ಮಾವನ ಬಲಕ್ಕಿತ್ತು. ತಿರುಗಿ ಕೂತಾಗ ಎಡಕ್ಕೆ ಬಂತು. ಮಾವ ಗೋಡೆಯ ಮೇಲಿನ ಅಜ್ಜನ ಫೋಟೋ ನೋಡುತ್ತ ಕೇಳಿದರು, ನಾನು ಗುಂಡಿ ತಿರುಗಿಸಿದೆ.

"ಈಗ ಬಾಗಲಾ ಕಡೀದು ಮಂಕ ಐತಿ," ಅಂದರು. ಹೇಳಿ ಮುಗಿಸುವ ಮೊದಲೇ ಅವರ ಕೈ ಬಲಗಿವಿಯ ಮೇಲೆ ಹೋಯಿತು.

ಮಾವ ಎದ್ದು ಅಡುಗೆಮನೆಗೆ ಹೋಗಿ ಹುರಿಯದೆ ಉಳಿದಿದ್ದ ಕಾಯಿ ಒಂದು ಹಿಡಿ ತಂದರು. ಎಡಗಿವಿಯ ಹತ್ತಿರ ಅಲ್ಲಾಡಿಸಿದರು. ಆಮೇಲೆ ಬಲಗಿವಿಯ ಹತ್ತಿರ. ಮತ್ತೆ ಎಡಕ್ಕೆ.

"ಈ ಕಿವಿಗೆ ಒಣಗೈತಿ," ಅಂದರು. "ಈ ಕಿವಿಗೆ ಇನ್ನೂ ಹಸಿ ಐತಿ."

"ಚಾ ಆರಾಕತ್ತೈತಿ, ಬರ್ರಿ," ಎನ್ನುತ್ತ ಅತ್ತೆ ಬಂದು ಅವರ ಎಡಕ್ಕೆ ಕೂತರು. ಇತ್ತೀಚೆಗೆ ಅವರು ಯಾವಾಗಲೂ ಎಡಕ್ಕೇ ಕೂರುತ್ತಿದ್ದರು ಎಂದು ನನಗೆ ಆಗ ಹೊಳೆಯಿತು. ಹೊಳೆದದ್ದು ನಿಜ, ಅದಕ್ಕೂ ಮುಂಚೆ ಅವರು ಹಾಗೆ ಕೂರುತ್ತಿದ್ದದ್ದು ನಿಜವೋ, ನಾನೇ ಹಿಂದಕ್ಕೆ ಹೋಗಿ ಹಾಗೆ ಕೂರಿಸಿದ್ದೋ ಹೇಳಲಾರೆ. ಕೇಳಿದ್ದಕ್ಕೆ ಅತ್ತೆ, "ಹೆಂಡತಿ ಎಲ್ಲಿ ಕುಂದ್ರಬೇಕಂತ ನಿಮ್ಮ ಪುಸ್ತಕದಾಗ ಬರದಿಲ್ಲೇನು?" ಎಂದು ಮಾತು ಹಾರಿಸಿದರು.

ಅದಾದ ಮೇಲೆ ಮಾವ ಹಾಡು ಕೇಳುವುದನ್ನು ನಿಲ್ಲಿಸಿದರು. ಮಾರುಕಟ್ಟೆಗೂ ಹೋಗಲಿಲ್ಲ. ಪೆಟ್ಟಿಗೆಗಳ ಮೇಲೆ ಟವೆಲ್ ಹೊದಿಸಿಟ್ಟಿದ್ದಾರೆ ಎಂದು ಅತ್ತೆ ಫೋನಿನಲ್ಲಿ ಹೇಳಿದಾಗ ನನಗೆ ಭಯವಾಯಿತು. ಪೆಟ್ಟಿಗೆ ಮಂಕಾಗಿದೆ ಎಂದು ನಂಬಿದ್ದಾಗ ಅವರು ದಿನಾ ಕೇಳುತ್ತಿದ್ದರು, ದೂರುತ್ತಲೇ ಸುಖಪಡುತ್ತಿದ್ದರು. ಮೂಲ ಪರಿಶೀಲಿಸುವ ನನ್ನ ಹುಕಿಯಿಂದ ಅವರ ಸಂಜೆ ಹೋಗಿಬಿಡುತ್ತದೆಯೇ ಎಂದು ಯೋಚಿಸುತ್ತ ಕೂತೆ. ತಮ್ಮನೂ ಅದೇ ಹೊತ್ತಿಗೆ ಸಪ್ಪಗಿದ್ದ. "ಅಕ್ಕಾ, ತಗದ ಹಳೇ ಕೆಪಾಸಿಟರ್ ಮೀಟರಿನ್ಯಾಗ ಅಳದು ನೋಡಿದೆ. ಕೆಟ್ಟಿಲ್ಲ. ಹೆಂಗಿರಬೇಕೋ ಹಂಗ ಅದಾವು," ಅಂದ. ಕೇಳದೆ ತಾನಾಗಿಯೇ ಹೇಳಿದ ಅವನ ಮೇಲೆ ಪ್ರೀತಿ ಬಂತು. ನಾನು ನಗಲಿಲ್ಲ.

ಮಾವನನ್ನು ಹಾವೇರಿಗೆ ಕರೆಸಿಕೊಂಡು ಕಿವಿಯ ಡಾಕ್ಟರರಿಗೆ ತೋರಿಸಿದೆ. ಒಂದಷ್ಟು ಗುಗ್ಗೆ ತೆಗೆದರು, ಉಳಿದದ್ದು ವಯಸ್ಸು ಅಂದರು. ಬಲಗಿವಿಗೆ ಶ್ರವಣಯಂತ್ರ ಹಾಕಿಕೊಂಡರೆ ಒಳ್ಳೆಯದು ಎಂದರು. ಹೊರಗೆ ಬಂದು ಆಟೋಗೆ ಕಾಯುತ್ತ ನಿಂತಾಗ ಮಾವ ಬಾಯಿಬಿಟ್ಟರು.

"ಅಲ್ಲವಾ ಸೊಸಿ, ಛಲೋ ಮಾಡಿಟ್ಟಿದ್ದಕ್ಕ ಹೊರಗಿಂದು ಏನೂ ಹಚ್ಚಬಾರದು ಅಂತ ಪೆಟ್ಟಿಗಿ ಪರವಾಗಿ ಅಷ್ಟು ಜಗಳಾಡಿದಿ. ನನ್ನ ಕಿವಿ ಏನು ಅಗ್ಗದ ಕಂಪನೀದೇನು?"

"ಇದು ಸುಧಾರಣಾ ಅಲ್ರಿ ಮಾಮಾ, ರಿಪೇರಿ. ಕೆಟ್ಟಿದ್ದಕ್ಕ ಮಾಡೂದು."

"ಅಳಿಯಾನೂ ಹಂಗ ಅಂದಿದ್ದ," ಎಂದು ನಕ್ಕರು. ಅವರು ನಕ್ಕದ್ದನ್ನು ನೋಡಿ ನನಗೆ ಅರ್ಧ ಸಮಾಧಾನವಾಯಿತು.

ಯಂತ್ರ ಬಂತು. ಮಾರುಕಟ್ಟೆಗೆ ಅದನ್ನು ಹಾಕಿಕೊಂಡೇ ಹೋಗುತ್ತಾರೆ. ಮಾತೆಲ್ಲ ಸ್ಪಷ್ಟ ಕೇಳಿಸುತ್ತದೆ, ಕೇಳಬಾರದ್ದೂ ಕೇಳಿಸುತ್ತದೆ ಎಂದು ದೂರುತ್ತಾರೆ. ಆದರೆ ಹಾಡಿಗೆ ಅದು ಒಗ್ಗಲಿಲ್ಲ. ತಂಬೂರಿ ತಗಡು ಬಡಿದ ಹಾಗೆ ಆಗುತ್ತದಂತೆ. ಯಂತ್ರದವರು ಹಾಡಿಗೆಂದೇ ಬೇರೆ ಹೊಂದಾಣಿಕೆ ಮಾಡಿಕೊಟ್ಟರೂ ಮಾವ ಒಪ್ಪಲಿಲ್ಲ. ಕೊನೆಗೆ ಆದ ಉಪಾಯ ಯಾವ ಪಾರ್ಸೆಲ್‌ನಲ್ಲೂ ಬಂದದ್ದಲ್ಲ. ಅತ್ತೆ ಒಂದು ದಿನ ಕಸ ಹೊಡೆಯುವಾಗ ಪೆಟ್ಟಿಗೆಗಳನ್ನು ಗೋಡೆಯಿಂದ ಮುಂದಕ್ಕೆ ಎಳೆದವರು ಹಾಗೇ ಬಿಟ್ಟಿದ್ದರು. ಕುರ್ಚಿಯೂ ಓರೆಯಾಗಿ ಉಳಿದಿತ್ತು, ಎಡಗಿವಿ ಪೆಟ್ಟಿಗೆಗಳ ಕಡೆಗೆ ಬರುವಂತೆ. ಮಾವ ಯಂತ್ರ ತೆಗೆದಿಟ್ಟು, ಹಾಗೆಯೇ ಓರೆಯಾಗಿ ಕೂತು ಕೇಳಿದರು. ಗೋಡೆಗೆ ಅಂಟಿದ್ದಾಗ ಗುಂಯ್‌ಗುಡುತ್ತಿದ್ದ ತಗ್ಗಿನ ದನಿಯೂ ಈಗ ಹತೋಟಿಗೆ ಬಂದಿತ್ತು. ಇದು ನನ್ನ ಕಿವಿಗೂ ಕೇಳಿಸಿತು, ತಮ್ಮನ ಕಿವಿಗೂ. ಇಷ್ಟನ್ನು ಅನುಮಾನವಿಲ್ಲದೆ ಬರೆಯಬಲ್ಲೆ.

ಆದ್ದರಿಂದ ಚೆನ್ನಾಗಿ ಮಾಡಿದ ಸ್ಪೀಕರ್‌ಗೆ ಹೊರಗಿನ ಸುಧಾರಣೆ ಬೇಕೇ ಎಂದು ಯಾರಾದರೂ ಕೇಳಿದರೆ, ಮೊದಲು ಕುರ್ಚಿ ಸರಿಸಿ ನೋಡಿ ಎನ್ನುತ್ತೇನೆ. ತಮ್ಮ ಇದನ್ನು ಪೂರ್ತಿ ಒಪ್ಪುವುದಿಲ್ಲ. ಒಂದಕ್ಕೆ ಹೊಸದು, ಒಂದಕ್ಕೆ ಹಳೆಯದು ಇರುವುದು ತಪ್ಪು, ಜೋಡಿ ಅಂದಮೇಲೆ ಎರಡೂ ಒಂದೇ ಥರ ಇರಬೇಕು, ಇನ್ನೊಂದಕ್ಕೂ ಹಾಕುತ್ತೇನೆ ಅನ್ನುತ್ತಾನೆ. ಜೋಡಿಯ ವಿಷಯದಲ್ಲಿ ನಾನು ಅವನ ಪಕ್ಷ. ಆದರೆ ಹಳೆಯದನ್ನೇ ವಾಪಸು ಹಾಕು ಎನ್ನುತ್ತೇನೆ. ಮಾವ ಎರಡಕ್ಕೂ ಒಪ್ಪುತ್ತಿಲ್ಲ. "ಇರ್ಲಿ ಬಿಡ್ರಿ. ಒಂದು ಕಂಪನೀದು, ಒಂದು ಅಳಿಯಂದು" ಅನ್ನುತ್ತಾರೆ. ಸಂಜೆಯ ಹಾಡು ಮತ್ತೆ ನಡೆದಿದೆ. ನಾನು ಬಸ್ಸಿಳಿದು ಮನೆಯ ಓಣಿಗೆ ತಿರುಗುವಾಗಲೇ ತಂಬೂರಿ ಕೇಳಿಸುತ್ತದೆ.

ಹೋದ ವಾರ ಹೋದಾಗ ಅವರ ಪಕ್ಕದಲ್ಲಿ ಕೂತೆ. ಒಂದು ಸಂಗತಿ ನನ್ನನ್ನು ಬಿಟ್ಟಿರಲಿಲ್ಲ. ತಮ್ಮ ಹೊಸ ಭಾಗ ಹಾಕಿದ ದಿನ ಆ ಪೆಟ್ಟಿಗೆ ಇದ್ದದ್ದು ಅವರ ಬಲಗಿವಿಯ ಕಡೆ. ಕೇಳಿಸದ ಕಿವಿಯ ಕಡೆ. ಅಲ್ಲಿ ಆದ ಅಷ್ಟು ಸಣ್ಣ ವ್ಯತ್ಯಾಸ ಅವರಿಗೆ ಗೊತ್ತಾಗಿದ್ದರೆ, ತಮ್ಮನ ಕೆಲಸದಲ್ಲಿ ನಾನು ಒಪ್ಪದ ಏನೋ ಹುರುಳಿದೆ. ಗೊತ್ತಾಗದೆಯೇ ಹಾಗೆ ಹೇಳಿದ್ದರೆ, ನಾವು ಕುರ್ಚಿ ತಿರುಗಿಸುವ ಮೊದಲೇ ಅವರಿಗೆ ತಮ್ಮದೇ ಕಿವಿಯ ಬಗ್ಗೆ ಸಂಶಯ ಇತ್ತು, ಒಬ್ಬರೇ ಇಟ್ಟುಕೊಂಡಿದ್ದರು.

ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಕೇಳಿದೆ. ಎಡಗಡೆಯೇ ಕೂತಿದ್ದೆ, ಕೇಳಿಸಲಿಲ್ಲ ಎನ್ನುವಂತಿಲ್ಲ. ಮಾವ ನನ್ನ ಕಡೆ ಒಮ್ಮೆ ನೋಡಿ, ಮುಂದಿನ ಹಾಡಿಗೆ ದನಿ ಸ್ವಲ್ಪ ಏರಿಸಿದರು. ಆಮೇಲೆ ಎರಡು ಸಲ ಫೋನು ಮಾಡಿದ್ದಾರೆ, ಮಳೆಯ ಸುದ್ದಿ, ಮಾರುಕಟ್ಟೆಯ ಸುದ್ದಿ ಎಲ್ಲ ಹೇಳಿದ್ದಾರೆ, ಇದಕ್ಕೆ ಮಾತ್ರ ಉತ್ತರ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

"ಮಾಮಾ, ಅವತ್ತು 'ಸುಧಾರಿಸೈತಿ' ಅಂದ್ರಲ್ಲ, ನಿಮಗ ಖರೇನ ಕೇಳಿಸಿತ್ತೋ, ಇಲ್ಲಾ ತಮ್ಮನ ಮಾರಿ ನೋಡಿ ಅಂದ್ರೋ?"